ಹಳದಿ ಇಲ್ಲದ ಹತ್ತು ಬೋಲ್ಟು

10 ನವೆಂಬರ್ 2024, ಭಾನುವಾರ. ಸಂಜೆ 7

ಬೂಟು ಇನ್ನೂ ಬಿಚ್ಚಿಲ್ಲ. ಕೆಸರು ಒಣಗಿ ಹಾಲಿನ ತುಂಬ ಉದುರುತ್ತಿದೆ. ಸೀತಾಮಹಾಲಕ್ಷ್ಮಿ ತೆಲುಗಿನಲ್ಲಿ ಗೊಣಗುತ್ತಿದ್ದಾಳೆ. ಗೊಣಗಲಿ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಕನ್ನಡದಲ್ಲಿ ಗೊಣಗಲು ಕಲಿಯಲಿಲ್ಲ, ಅದೊಂದೇ ಬೇಜಾರು.

ಇವತ್ತು ಮಾನ ಹೋಯಿತು. ಸಬ್ಬವರಂ ಆಚೆಯ ಹಳೇ ಕಲ್ಲುಕ್ವಾರಿ, ಹನ್ನೊಂದು ಗಾಡಿ, ಗುಡ್ಡ ಹತ್ತಿಸುವ ನಮ್ಮ ಜೀಪು ಕ್ಲಬ್ಬಿನ ಅಷ್ಟೂ ಜನ. ನನ್ನ ಜಿಪ್ಸಿ ಏರಿನ ಅರ್ಧಕ್ಕೆ ನಿಂತಿತು. ಹಿಂದಿನ ಎಡ ಚಕ್ರ ಗಾಳಿಯಲ್ಲಿ ಬರ್ರನೆ ತಿರುಗುತ್ತಿದೆ, ನೆಲದ ಮೇಲಿರುವ ಬಲ ಚಕ್ರ ಅಲ್ಲಾಡುತ್ತಿಲ್ಲ. ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಹುಟ್ಟುಗುಣ ಅದು. ಕೆಲಸವಿಲ್ಲದ ಚಕ್ರಕ್ಕೇ ಶಕ್ತಿಯನ್ನೆಲ್ಲ ಕೊಡುತ್ತದೆ. ನಮ್ಮ ಉಕ್ಕಿನ ಪ್ಲಾಂಟಿನ ಪ್ರಮೋಷನ್ ಹಾಗೆ.

ಎಳೆದು ಹಾಕಿದವನು ಗುರುದತ್. ಮಂಡ್ಯದ ಹುಡುಗ, ಇಪ್ಪತ್ತೇಳು ವರ್ಷ, ಫಾರ್ಮಾ ಕಂಪನಿ. "ಬುಡಿ ಸಾರ್, ಆಕ್ಸಿಲೇಟ್ರು ಬುಡಿ, ಸುಮ್ನೆ ಕೂತ್ಕಳಿ" ಎಂದು ಎಲ್ಲರೆದುರು ಕೂಗಿದ. ನನಗೆ! ಇಪ್ಪತ್ತೇಳು ವರ್ಷದಿಂದ ರೋಲಿಂಗ್ ಮಿಲ್ಲಿನ ಗೇರ್‌ಬಾಕ್ಸು ನೋಡಿಕೊಳ್ಳುತ್ತಿರುವವನಿಗೆ. ವಿಡಿಯೋ ಬೇರೆ ಗ್ರೂಪಿನಲ್ಲಿ ಹಾಕಿದ್ದಾರೆ. ಮೈಯೆಲ್ಲ ಉರಿಯುತ್ತಿದೆ.

ಲಾಕರ್ ಹಾಕಿಸುತ್ತೇನೆ. ಆ ಕ್ವಾರಿ ಹತ್ತಿಯೇ ಹತ್ತುತ್ತೇನೆ.

13 ನವೆಂಬರ್, ಬುಧವಾರ

ಮೂರು ದಿನದಿಂದ ಇದೇ ಓದು. ಲಾಕರ್ ಅಂದರೆ ಇಷ್ಟೇ — ಆಕ್ಸಲ್ಲಿನ ಎರಡೂ ಚಕ್ರಗಳನ್ನು ಒಟ್ಟಿಗೆ ಕಟ್ಟಿಹಾಕುವುದು. ಒಂದು ಗಾಳಿಯಲ್ಲಿದ್ದರೂ ಇನ್ನೊಂದು ದುಡಿಯಲೇಬೇಕು.

ಆಟೊ ಲಾಕರ್ ತಾನೇ ಬೀಳುತ್ತದೆ, ತಾನೇ ಬಿಡುತ್ತದೆ. ತಿರುವಿನಲ್ಲಿ ಟಕ್ ಟಕ್ ಸದ್ದು, ತನಗೆ ಬೇಕಾದ ಕಡೆ ಎಳೆತ. ನನ್ನ ಮಾತು ಕೇಳದವರು ಮನೆಯಲ್ಲಿ ಈಗಾಗಲೇ ಇಬ್ಬರಿದ್ದಾರೆ. ಲಿಮಿಟೆಡ್ ಸ್ಲಿಪ್ — ಅರೆಮನಸ್ಸಿನ ಕೆಲಸ, ಚಕ್ರ ಪೂರ್ತಿ ಎದ್ದರೆ ಅದೂ ಕೈಕಟ್ಟಿ ಕೂರುತ್ತದೆ. ಏರ್ ಲಾಕರ್ ಸರಿ. ಬಾನೆಟ್ ಕೆಳಗೆ ಪುಟ್ಟ ಕಂಪ್ರೆಸರ್, ಅಲ್ಲಿಂದ ಹಿಂದಿನ ಆಕ್ಸಲ್ಲಿಗೆ ಸಣ್ಣ ಪೈಪು, ಕೈಗೆಟುಕುವಲ್ಲಿ ಸ್ವಿಚ್ಚು. ಒತ್ತಿದರೆ ಲಾಕ್, ಬಿಟ್ಟರೆ ಮಾಮೂಲಿ ಗಾಡಿ. ಯಾವಾಗ ಕಟ್ಟಬೇಕು, ಯಾವಾಗ ಬಿಡಬೇಕು — ನಾನು ಹೇಳಿದಂತೆ.

ಗುರುದತ್ ಮೆಸೇಜು: "ಆರ್ಡರ್ ಮಾಡೋಕ್ ಮುಂಚೆ ಆಕ್ಸಲ್ ಶಾಫ್ಟಿನ ಹಲ್ಲು ಎಣಿಸ್ಬುಡಿ ಸಾರ್. ಗಾಡಿ ಇಯರ್ ಮೇಲೆ ಡಿಫ್ರೆಂಟ್ ಇರ್ತವೆ." ನನಗೆ ಎಣಿಕೆ ಕಲಿಸುತ್ತಾನೆ. ಉತ್ತರ ಕೊಡಲಿಲ್ಲ.

ಆಮೇಲೆ ಮನೆ ಹಿಂದಿನ ಶೆಡ್ಡಿಗೆ ಹೋಗಿ ಶಾಫ್ಟು ಎಳೆದು ಎಣಿಸಿದೆ. ನಾನು ಅಂದುಕೊಂಡ ಸಂಖ್ಯೆ ತಪ್ಪಿತ್ತು. ಅವನಿಗೆ ಯಾಕೆ ಹೇಳಲಿ.

17 ನವೆಂಬರ್, ಭಾನುವಾರ

ಆರ್ಡರ್ ಆಯಿತು. ಪ್ರತೀಕ್ಷಾ ಫೋನು. ಮಗಳು ವಿಜಯವಾಡದ ಹಾಸ್ಟೆಲ್ಲಿನಲ್ಲಿ, ಮೆಕ್ಯಾನಿಕಲ್ ಮೂರನೇ ವರ್ಷ. "ಲಾಕರ್ ಹಾಕ್ಸೋದು ಪೆದನಾನ್ನ ಹತ್ರಾನೇ, ನಾನ್ನಾ. ಬೇರೆ ಯಾರಿಗೂ ಕೊಡಬ್ಯಾಡಿ."

ಪೆದನಾನ್ನ ಅಂದರೆ ರಾಮಮೋಹನ್. ವಿಜಯವಾಡದ ಆಟೊನಗರದಲ್ಲಿ ಐವತ್ತು ವರ್ಷದಿಂದ ಆಕ್ಸಲ್ಲಿನ ಹಲ್ಲುಚಕ್ರಗಳನ್ನು, ಕ್ರೌನು–ಪಿನಿಯನ್ನು, ಕೂರಿಸುತ್ತಾ ಬಂದ ಮುದುಕ. ಎರಡು ವರ್ಷದ ಹಿಂದೆ ನಮ್ಮ ಜಿಪ್ಸಿಯ ಗೇರ್‌ಬಾಕ್ಸು ಬಿಚ್ಚಿದ. ಅವತ್ತಿನಿಂದ ಇವಳು ಪ್ರತಿ ಭಾನುವಾರ ಅವನ ಶೆಡ್ಡಿನಲ್ಲಿ. ಕೈಗೆಲ್ಲ ಗ್ರೀಸು. ಅಪ್ಪನಾದ ನಾನು ನಾನ್ನಾ, ಅವನು ಪೆದನಾನ್ನ, ದೊಡ್ಡಪ್ಪ. ನನಗೆ ಅಣ್ಣನೇ ಇಲ್ಲ, ಇವಳಿಗೆ ದೊಡ್ಡಪ್ಪ ಎಲ್ಲಿಂದ ಬಂದ?

ಹದಿನೈದು ನಿಮಿಷ ಅವನದೇ ಪುರಾಣ. ಅವನಲ್ಲೊಂದು ಪದ್ಧತಿಯಂತೆ: ತನ್ನ ಕೈಯಾರೆ ಬಿಗಿ ಮಾಡಿದ ಬೋಲ್ಟಿಗೆ ಮಾತ್ರ ಒಂದು ಚುಕ್ಕೆ ಹಳದಿ ಬಣ್ಣ. ಬೇರೆಯವರು ಮುಟ್ಟಿದ್ದಕ್ಕೆ ಇಡುವುದಿಲ್ಲ. ಹಳದಿ ಇಟ್ಟ ಬೋಲ್ಟು ಬಿಚ್ಚಿಕೊಂಡ ಸುದ್ದಿ ಆಟೊನಗರದಲ್ಲೇ ಇಲ್ಲವಂತೆ. ನನ್ನ ಕೆಲಸದ ಬಗ್ಗೆ ಇವಳು ಹದಿನೈದು ಸೆಕೆಂಡೂ ಮಾತಾಡಿದ್ದು ನೆನಪಿಲ್ಲ.

14 ಡಿಸೆಂಬರ್, ಶನಿವಾರ. ವಿಜಯವಾಡ, ಲಾಡ್ಜು. ಸಂಜೆ 6

ಕೆಲಸ ಮುಗಿಯಿತು. ಮುಗಿಸಿದ್ದು ನಾನು.

ಬೆಳಗಿನಿಂದ ಶೆಡ್ಡಿನಲ್ಲೇ. ರಾಮಮೋಹನ್ ಚೆನ್ನಾಗಿಯೇ ಮಾಡುತ್ತಾನೆ, ಇಲ್ಲವೆನ್ನುವುದಿಲ್ಲ. ಹಳೇ ಬಿಸ್ಕತ್ತಿನ ಡಬ್ಬದಿಂದ ತೆಳ್ಳನೆ ವಾಷರುಗಳನ್ನು ತೆಗೆದು ಬೆರಳಲ್ಲೇ ದಪ್ಪ ನೋಡುತ್ತಾನೆ. ಹಲ್ಲುಗಳಿಗೆ ಬಣ್ಣ ಸವರಿ ತಿರುಗಿಸಿ, ಎಲ್ಲಿ ಅಚ್ಚು ಬಿತ್ತು ಎಂದು ಟಾರ್ಚು ಹಿಡಿದು ಬಗ್ಗುತ್ತಾನೆ. ನಾಲ್ಕು ಸಲ ಬಿಚ್ಚಿದ, ನಾಲ್ಕು ಸಲ ಕೂರಿಸಿದ. ಮೀಟರಿಲ್ಲ, ಪುಸ್ತಕವಿಲ್ಲ.

ಕ್ರೌನು ಗೇರನ್ನು ಲಾಕರಿಗೆ ಕಟ್ಟುವ ಹತ್ತು ಬೋಲ್ಟು ಬಂದವು. ಉದ್ದನೆ ಸ್ಪ್ಯಾನರ್ ಎತ್ತಿಕೊಂಡ. ನಾನು ಕೈ ಹಿಡಿದೆ. ಎರಡು ಲಕ್ಷದ ಸಾಮಾನು, ಅಂದಾಜಿನ ಮೇಲೆ ಬಿಗಿಯುತ್ತೀರಾ ಎಂದೆ. ಪ್ಲಾಂಟಿನಿಂದ ತಂದಿದ್ದ ಟಾರ್ಕ್ ರೆಂಚು ತೆಗೆದೆ, ಇಟ್ಟ ಅಳತೆಗೆ ಬಿಗಿ ಬಂದಾಗ ಕ್ಲಿಕ್ ಎನ್ನುವಂಥದ್ದು. ಲಾಕರಿನ ಪುಸ್ತಕದಲ್ಲಿ ಅರವತ್ತು. ರೆಂಚಿನಲ್ಲಿ ಅರವತ್ತಕ್ಕಿಟ್ಟೆ. ಹತ್ತೂ ಬೋಲ್ಟು — ಕ್ಲಿಕ್, ಕ್ಲಿಕ್.

ಅವನು ಒಂದು ಬೋಲ್ಟಿನ ಮೇಲೆ ಬೆರಳಿಟ್ಟ. "ಇನ್ನೂ ಸ್ವಲ್ಪ ತಗೊಳ್ಳುತ್ತೆ ಸಾರ್. ನನ್ನ ಕೈ ಹೇಳ್ತಿದೆ. ಒಂದ್ಸಲ ನೋಡಲಾ?" ಅವನಾಡಿದ್ದು ತೆಲುಗು. ನಾನೂ ತೆಲುಗಿನಲ್ಲೇ ಕೊಟ್ಟೆ, ಅಕ್ಕಪಕ್ಕದ ಶೆಡ್ಡಿನವರಿಗೆ ಕೇಳುವ ಹಾಗೆ: "ನಿಮ್ಮ ಕೈಗೆ ಡಿಗ್ರಿ ಯಾವ ಕಾಲೇಜು ಕೊಟ್ಟಿದೆ, ರಾಮಮೋಹನ್ ಗಾರು?" ಎಲ್ಲ ನಕ್ಕರು. ಅವನೂ ನಕ್ಕ, ಸ್ವಲ್ಪ. ಸ್ಪ್ಯಾನರ್ ಕೆಳಗಿಟ್ಟ.

ಹಳದಿ ಇಡಲಿಲ್ಲ. "ನಾನು ಬಿಗಿ ಮಾಡದೆ ಇದ್ದದ್ದಕ್ಕೆ ಇಡಲ್ಲ ಸಾರ್, ಬೇಜಾರು ಮಾಡ್ಕೋಬೇಡಿ." ಯಾರಿಗೆ ಬೇಕು ಅವನ ಅರಿಶಿನ–ಕುಂಕುಮ.

15 ಡಿಸೆಂಬರ್, ಭಾನುವಾರ

ಬೆಳಿಗ್ಗೆ ಬೆಂಜ್ ಸರ್ಕಲ್ ಹತ್ತಿರ ಪ್ರತೀಕ್ಷಾಗೆ ಪೆಸರಟ್ಟು ಕೊಡಿಸಿದೆ. ಪರೀಕ್ಷೆ ಇದ್ದುದರಿಂದ ನಿನ್ನೆ ಶೆಡ್ಡಿಗೆ ಬಂದಿರಲಿಲ್ಲ. "ಹಳದಿ ಇಟ್ರಾ ಪೆದನಾನ್ನ?" — ಮೊದಲ ಪ್ರಶ್ನೆ. ಹೂಂ ಎಂದೆ. ಯಾಕೆ ಅಂದೆನೋ. ವಿವರಿಸುವ ತಾಪತ್ರಯ ಯಾರಿಗೆ ಬೇಕು.

ತಿಪಟೂರಿನಿಂದ ಬಂದ ಮದುವೆ ಕಾಗದ ಬ್ಯಾಗಿನಲ್ಲಿತ್ತು. ಎತ್ತಿಕೊಂಡು ಓದಲು ಶುರು ಮಾಡಿದಳು, ಒಂದೊಂದೇ ಅಕ್ಷರ, ಒಂದನೇ ಕ್ಲಾಸಿನವರ ಹಾಗೆ: "ಚಿ... ರಂ... ಜೀ... ವಿ." "ಇದು ತೆಲುಗೇ ಅಲ್ವಾ ನಾನ್ನಾ. ತಲೆಕಟ್ಟು ಬೇರೆ ಇಟ್ಟಿದ್ದಾರೆ ಅಷ್ಟೇ." ನಗು ಬಂತು. ಮನೆಯಲ್ಲಿ ನನ್ನ ಹತ್ತಿರ ಆಡುವ ನಾಲ್ಕು ಮಾತು ಬಿಟ್ಟರೆ ಇವಳಿಗೆ ಕನ್ನಡವೇ ಇಲ್ಲ. ಓದುತ್ತಾಳಂತೆ, ಓದಲಿ.

ವಾಪಸು ಏಳು ಗಂಟೆ ಡ್ರೈವು. ಗನ್ನವರಂ ದಾಟಿದ ಮೇಲೆ ಹಾಡು ನಿಲ್ಲಿಸಿ ಕಿವಿಗೊಟ್ಟು ಕೇಳಿದೆ. ಆಕ್ಸಲ್ಲಿನಿಂದ ಒಂದು ಸದ್ದಿಲ್ಲ. ಭೇಷ್, ನಿರಂಜನಾ, ಎಂದು ನನಗೆ ನಾನೇ ಹೇಳಿಕೊಂಡೆ.

22 ಡಿಸೆಂಬರ್, ಭಾನುವಾರ. ಸಂಜೆ 6.30

ಬರೆಯಲೇಬೇಕು. ಬೇರೆಲ್ಲಿ ಹೇಳಲಿ. ಈ ಪುಸ್ತಕ ಜಿಪ್ಸಿ ಕಾಗದಗಳ ಡ್ರಾಯರಿನಲ್ಲೇ ಇರುತ್ತದೆ, ಬೀಗವಿಲ್ಲ. ಕನ್ನಡವೇ ಬೀಗ.

ಕ್ವಾರಿ. ಅದೇ ಏರು. ಎಲ್ಲರೂ ಮೊಬೈಲು ಹಿಡಿದು ನಿಂತಿದ್ದರು. ಸ್ವಿಚ್ಚು ಒತ್ತಿದೆ. ಎರಡು ಚಕ್ರವೂ ಕಚ್ಚಿದವು, ಗಾಡಿ ಎದ್ದಿತು, ಇನ್ನೇನು ಹತ್ತಡಿ — ಢಣ್. ಹಿಂದಿನಿಂದ ಕಬ್ಬಿಣ ಅರೆಯುವ ಸದ್ದು. ನಿಂತೇ ಹೋಯಿತು. ಮತ್ತೆ ಗುರುದತ್, ಮತ್ತೆ ಹಗ್ಗ. ಈ ಸಲ ಅವನು ಕೂಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಮೂರು ಗಂಟೆಗೆ ಮನೆ ಶೆಡ್ಡಿನಲ್ಲಿ ಬಿಚ್ಚಿದೆ. ಹತ್ತು ಬೋಲ್ಟಿನಲ್ಲಿ ಎರಡರ ತಲೆ ಹಾರಿದೆ. ಉಳಿದ ಎಂಟು ಬೆರಳಲ್ಲೇ ತಿರುಗಿದವು. ಕ್ರೌನಿನ ಹಲ್ಲು ಮುರಿದು ಎಣ್ಣೆಯಲ್ಲಿ ಬಿದ್ದಿದೆ. ಲಾಕರ್ ಮಾತ್ರ ಬಚಾವು.

ರೆಂಚು ಎತ್ತಿ ನೋಡಿದೆ. ಎರಡು ಕಡೆ ಎರಡು ಸ್ಕೇಲು. ಒಂದು ಫುಟ್–ಪೌಂಡು, ಒಂದು ನ್ಯೂಟನ್–ಮೀಟರು. ಪುಸ್ತಕದ ಅರವತ್ತು ಫುಟ್–ಪೌಂಡಿನದು. ನಾನಿಟ್ಟಿದ್ದು ನ್ಯೂಟನ್–ಮೀಟರಿನ ಅರವತ್ತು. ಇರಬೇಕಾದದ್ದು ಎಂಬತ್ತೊಂದು. ಮುಕ್ಕಾಲು ಬಿಗಿ, ಅಷ್ಟೇ. ಟ್ರೈನಿಗಳಿಗೆ ಮೊದಲ ವಾರ ನಾನೇ ಪಾಠ ಮಾಡುವ ತಪ್ಪು ಇದು.

ಇನ್ನೂ ಸ್ವಲ್ಪ ತಗೊಳ್ಳುತ್ತೆ ಅಂದಿದ್ದ. ಅವನ ಕೈ ಸರಿಯಾಗಿಯೇ ಹೇಳಿತ್ತು.

23 ಡಿಸೆಂಬರ್, ಸೋಮವಾರ. ಮಧ್ಯಾಹ್ನ 2

ಅರ್ಧ ದಿನ ರಜೆ ಹಾಕಿದೆ. ಗ್ರೂಪು ಬಾಯಿ ಮುಚ್ಚುತ್ತಿಲ್ಲ. ಕ್ಲಬ್ಬು ನಡೆಸುವ ದಿನೇಶ: ಯಾರು ಮಾಡಿದ ಕೆಲಸ? ನಾನು: ವಿಜಯವಾಡ ರಾಮಮೋಹನ್. ಸುಳ್ಳೇನಲ್ಲ. ಕೂಡಲೇ ಗುರುದತ್: "ರಾಮಮೋಹನ್ ಗಾರು ಹಳದಿ ಇಟ್ಟಿದ್ರೆ ಬಿಚ್ಕಳಕ್ ಚಾನ್ಸೇ ಇಲ್ಲ ಸಾರ್. ಬೋಲ್ಟ್ ಫೋಟೋ ಹಾಕಿ, ಹಳದಿ ಐತಾ ನೋಡಣ." ದಿನೇಶನೂ ದನಿಗೂಡಿಸಿದ, ಫೋಟೋ ಫೋಟೋ ಎಂದು.

ಹಳದಿ ಇಲ್ಲ ಅಂದರೆ ಮುಂದಿನ ಪ್ರಶ್ನೆ — ಮತ್ತೆ ಬಿಗಿ ಮಾಡಿದ್ದು ಯಾರು?

ವಾಲ್ವುಗಳಿಗೆ ಗುರುತು ಹಾಕಲು ಪ್ಲಾಂಟಿನಲ್ಲಿ ಕೊಡುವ ಹಳದಿ ಬಣ್ಣ ಶೆಡ್ಡಿನಲ್ಲಿತ್ತು. ಬೆಂಕಿಕಡ್ಡಿಯ ತುದಿಯಿಂದ ಇಟ್ಟೆ. ಹತ್ತು ಚುಕ್ಕೆ. ಬಿಸಿಲಿಗಿಟ್ಟು ಒಣಗಿಸಿದೆ. ಮೇಲೆ ಗೇರ್ ಎಣ್ಣೆ ಸವರಿ ಒರೆಸಿದೆ, ಎರಡು ಸಲ. ಇಷ್ಟು ನೀಟಾಗಿ ಕೆಲಸ ಮಾಡಿ ಬಹಳ ದಿನವಾಗಿತ್ತು.

ಫೋಟೋ ಕಳಿಸಿದೆ. ಕೆಳಗೆ ಬರೆದೆ: "ಪಾಪ, ವಯಸ್ಸಾಗಿದೆ. ಯಾರೂ ಏನೂ ಅನ್ನಬೇಡಿ."

ಅನ್ನದೆ ಬಿಡುತ್ತಾರೆಯೇ. ಮಧ್ಯಾಹ್ನದೊಳಗೆ ನಲವತ್ತಾರು ಮೆಸೇಜು. ಅವನಿಗೆ ಕೊಡಬೇಕೆಂದಿದ್ದ ಮೂರು ಗಾಡಿಯವರು ಬೇಡವೆಂದರು. ಗುರುದತ್ ಒಂದೇ ಸಾಲು: "ನಂಬಕ್ಕೇ ಆಯ್ತಿಲ್ಲ ಸಾರ್." ನಂಬು ಮಗನೇ, ನಂಬು.

25 ಡಿಸೆಂಬರ್, ಬುಧವಾರ

ಪ್ರತೀಕ್ಷಾ ಅಳುತ್ತಾ ಫೋನು ಮಾಡಿದಳು. ಗ್ರೂಪಿನ ಫೋಟೋ ಯಾರೋ ಅವಳಿಗೂ ಕಳಿಸಿದ್ದಾರೆ. ಶೆಡ್ಡಿಗೆ ಹೋಗಿ ಜಗಳವಾಡಿ ಬಂದಳಂತೆ. "ಹೈವೇನಲ್ಲಿ ಬಿಚ್ಚಿದ್ರೆ ನಮ್ ನಾನ್ನಗೆ ಏನಾಗ್ತಿತ್ತು ಅಂತ ಕೇಳ್ದೆ. ಎಲ್ರ ಮುಂದೇನೇ ಕೇಳ್ದೆ. ಫೋಟೋನೇ ನೋಡ್ತಾ ಕೂತ್ಕೊಂಡ್ರು."

ನನ್ನ ಪರವಾಗಿ ಇವಳು ಯಾರ ಹತ್ತಿರವಾದರೂ ಜಗಳವಾಡಿದ್ದು ಇದೇ ಮೊದಲು. ಸಂತೋಷವಾಯಿತು. ಆಯಿತು, ಯಾಕೆ ಮುಚ್ಚಿಡಲಿ.

29 ಡಿಸೆಂಬರ್, ಭಾನುವಾರ. ಮಧ್ಯಾಹ್ನ

ರಾಮಮೋಹನ್ ಬಂದಿದ್ದ. ಹೇಳದೆ ಕೇಳದೆ, ಬಸ್ಸಿನಲ್ಲಿ. ಟೌನ್‌ಶಿಪ್ಪಿನ ಗೇಟಿನಲ್ಲಿ ಹೆಸರು ಬರೆಸಿ ಮುಕ್ಕಾಲು ಗಂಟೆ ಕಾದನಂತೆ. ಒಗೆದ ಬಿಳಿ ಷರ್ಟು. ಅವನನ್ನು ಗ್ರೀಸಿಲ್ಲದೆ ನೋಡಿದ್ದು ಇವತ್ತೇ.

ಕಾಫಿ ಬೇಡವೆಂದ. ಬೋಲ್ಟು ನೋಡಬೇಕೆಂದ. ಕೊಟ್ಟೆ. ಒಂದೊಂದನ್ನೇ ಅಂಗೈ ಮೇಲಿಟ್ಟು, ಕನ್ನಡಕ ಏರಿಸಿ, ಇಳಿಸಿ, ಹತ್ತನ್ನೂ ನೋಡಿದ.

"ನೀವು ಬಿಗಿ ಮಾಡಿದಿರಿ ಅಂತ ನನಗೆ ನೆನಪು, ಸಾರ್."

ಮೇಜಿನ ಮೇಲಿನ ಎಣ್ಣೆ ಕಲೆ ಒರೆಸಿದೆ.

"ನಾನು ಹಳದಿ ಇಡಲಿಲ್ಲ ಅಂತ ನೆನಪು. ಆದರೆ ಇದೆಯಲ್ಲ." ಮತ್ತೆ ನೋಡಿದ. ನಾನು ನಿಜ ಬಾಯಿಬಿಟ್ಟಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತು. ನಾನು ಬಾಯಿ ಬಿಟ್ಟೆ. "ವಯಸ್ಸಾಯಿತಲ್ಲ ರಾಮಮೋಹನ್ ಗಾರು. ನೀವೇ ಆಮೇಲೆ ಸ್ಪ್ಯಾನರ್ ತಗೊಂಡಿರಿ, ಮರೆತಿದ್ದೀರಿ" ಎಂದೆ. ಎಷ್ಟು ಮೆತ್ತಗೆ ಹೇಳಿದೆ ಅಂದರೆ ನನಗೇ ಆಶ್ಚರ್ಯ.

ಅವನು ತನ್ನ ಬಲಗೈ ನೋಡಿಕೊಂಡ. ತಿರುಗಿಸಿ ನೋಡಿಕೊಂಡ. "ನಾ ಚೇಯಿ ತಪ್ಪಿಂದಿ, ಸಾರ್." ನನ್ನ ಕೈ ತಪ್ಪಿತು ಎಂದ. ಆಮೇಲೆ ಕೈ ಮುಗಿದ, ನನಗೆ. ತಂದೆಯ ವಯಸ್ಸಿನವನು.

ಒಡೆದ ಗೇರು, ಲಾಕರು ಎಲ್ಲವನ್ನೂ ಗೋಣಿಚೀಲಕ್ಕೆ ಹಾಕಿ ಹೊತ್ತುಕೊಂಡು ಹೋದ. ಸರಿ ಮಾಡಿ ಕಳಿಸುತ್ತಾನಂತೆ, ತನ್ನದೇ ಖರ್ಚಿನಲ್ಲಿ. ಬೇಡ ಅನ್ನಲಿಲ್ಲ ನಾನು.

6 ಜನವರಿ 2025, ಸೋಮವಾರ

ಪಾರ್ಸೆಲ್ಲು ಬಂತು. ಹೊಸ ಕ್ರೌನು, ಹೊಸ ಪಿನಿಯನ್ನು, ಹಲ್ಲಿನ ಮೇಲೆ ಅಚ್ಚು ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ. ಹತ್ತು ಬೋಲ್ಟು ಕೈಬಿಗಿಗೆ ಕೂರಿಸಿದ್ದಾನೆ, ಅಷ್ಟೇ. ಒಂದಕ್ಕೂ ಹಳದಿ ಇಲ್ಲ. ತೆಲುಗಿನಲ್ಲಿ ಚೀಟಿ: "ಬಿಗಿ ನೀವೇ ಮಾಡಿ ಸಾರ್, ನಿಮ್ಮ ರೆಂಚಿನಲ್ಲಿ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ಮಾಡಿದೆ. ಎಂಬತ್ತೊಂದು. ಸ್ಕೇಲನ್ನು ಮೂರು ಸಲ ನೋಡಿದೆ.

12 ಜನವರಿ, ಭಾನುವಾರ

ಪ್ರತೀಕ್ಷಾ ಸಂಕ್ರಾಂತಿಗೆ ಬಂದಿದ್ದಾಳೆ. ಬ್ಯಾಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಹಳದಿ ಬಣ್ಣ, ಒಳಗೆ ಸವೆದ ಬ್ರಷ್ಷು. ರಾಮಮೋಹನನದು. ಶೆಡ್ಡು ಖಾಲಿ ಮಾಡಿದನಂತೆ. ಸ್ಪ್ಯಾನರುಗಳನ್ನೆಲ್ಲ ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದನಂತೆ. ಇದನ್ನು ಮಾತ್ರ ಇವಳ ಕೈಗಿಟ್ಟು "ಇನ್ನು ನನಗ್ಯಾಕಮ್ಮ" ಎಂದನಂತೆ.

"ಈಗ ಊಟ ಮಾಡೋವಾಗ್ಲೂ ಎಡಗೈಲಿ ಬಲಗೈ ಹಿಡ್ಕೊಳ್ತಾರೆ ನಾನ್ನಾ. ನಾನು ಅಷ್ಟೊಂದು ಬೈಬಾರದಿತ್ತು."

ಟೀವಿ ಜೋರು ಮಾಡಿದೆ.

15 ಜನವರಿ, ಬುಧವಾರ. ಕನುಮ, ಸಂಕ್ರಾಂತಿಯ ಮರುದಿನ. ಸಂಜೆ 5

ಹತ್ತಿದೆ!

ಅದೇ ಕ್ವಾರಿ, ಅದೇ ಏರು. ಸ್ವಿಚ್ಚು ಒತ್ತಿದೆ, ಎಡ ಚಕ್ರ ಗಾಳಿಗೆ ಎದ್ದಿತು, ಬಲ ಚಕ್ರ ಕಲ್ಲು ಕಚ್ಚಿತು. ಒಂದು ಉಸಿರಿಗೆ ಮೇಲೆ. ದಿನೇಶ ಶಿಳ್ಳೆ ಹೊಡೆದ. ಗುರುದತ್ ಬಂದು ಕೈ ಕುಲುಕಿದ: "ಈ ಸಲ ಬಿಗಿ ಮಾಡಿದ್ದು ಯಾರು ಸಾರ್?" ನಾನೇ, ಎಂದೆ. ಎದೆ ಉಬ್ಬಿಸಿ ಹೇಳಿದೆ. ಚಪ್ಪಾಳೆ.

ಪ್ರತೀಕ್ಷಾ ಬರಲಿಲ್ಲ. ತಲೆನೋವಂತೆ. ನಾನು ಹೊರಡುವಾಗ ಪ್ರಾಜೆಕ್ಟಿಗೆ ಲಾಕರಿನ ಪುಸ್ತಕ ಬೇಕು ಎಂದಳು. ಡ್ರಾಯರಿನಲ್ಲಿದೆ, ತಗೋ ಎಂದೆ. ವಾಪಸು ಬಂದು ವಿಡಿಯೋ ತೋರಿಸಿದರೆ ನೋಡಿ ಫೋನು ನನ್ನ ಕೈಗೇ ಇಟ್ಟಳು. ಹಬ್ಬದ ದಿನವೂ ಮುಖ ಊದಿಸಿಕೊಂಡು ಕೂತಿದ್ದಾಳೆ. ತಾಯಿಯ ಗುಣ.

16 ಜನವರಿ, ಗುರುವಾರ. ಮಧ್ಯಾಹ್ನ 3

ಪ್ರತೀಕ್ಷಾ ಮುಂಜಾನೆಯೇ ಹೊರಟಳು. ಶನಿವಾರದವರೆಗೆ ರಜೆಯಿತ್ತು. ತಾಯಿಗೆ ಹೇಳಿದಳಂತೆ, ನನಗಿಲ್ಲ.

ಬರೆಯಲು ಈ ಪುಸ್ತಕ ತೆಗೆದರೆ ಹಿಂದಿನ ಪುಟಗಳು ಅಂಟಿಕೊಂಡಿದ್ದವು. ಬಿಡಿಸಿದೆ. ಡಿಸೆಂಬರ್ ಹದಿನಾಲ್ಕರ ಪಕ್ಕ ಹಳದಿ ಚುಕ್ಕೆ. ಇಪ್ಪತ್ತೆರಡರ ಪಕ್ಕ ಒಂದು. ಇಪ್ಪತ್ತಮೂರು. ಇಪ್ಪತ್ತೊಂಬತ್ತು. ಇನ್ನೂ ಪೂರ್ತಿ ಒಣಗಿಲ್ಲ. ನನ್ನ ಬೆರಳಿಗೆ ಹತ್ತಿತು.

ತಲೆಕಟ್ಟು ಬೇರೆ, ಅಷ್ಟೇ, ಅಂದಿದ್ದಳು. ಓದಿದ್ದಾಳೆ.

ಫೋನು. ಅವಳೇ. ಎತ್ತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಕೈಯಲ್ಲಿ ಪೆನ್ನು ಹಾಗೇ ಇದೆ, ಬರೆಯುತ್ತಿದ್ದೇನೆ, ಬೇರೇನು ಮಾಡಲಿ. "ಪೆದನಾನ್ನ ಮನೇಲಿದೀನಿ. ಫೋಟೋ ತೆಗ್ದಿದೀನಿ. ಓದಿ ಹೇಳ್ತೀನಿ ಅವರಿಗೆ. ನೀವೂ ಕೇಳಿ." ಓದುತ್ತಿದ್ದಾಳೆ. ನನ್ನ ಮಾತು, ಅವಳ ದನಿ. ಮೊದಲು ಕನ್ನಡ, ಒಂದೊಂದೇ ಅಕ್ಷರ ಕೂಡಿಸಿ. ಆಮೇಲೆ ಅದನ್ನೇ ತೆಲುಗಿನಲ್ಲಿ. ಕಟ್ ಮಾಡಬಹುದು. ಬೆರಳು ಹೋಗುತ್ತಿಲ್ಲ. ರೆಂಚು ಮುಗಿಯಿತು. ಬೆಂಕಿಕಡ್ಡಿ, ಹತ್ತು ಚುಕ್ಕೆ — ಮುಗಿಯಿತು.

ಈಗ ಅವನು. ಬಹಳ ಮೆಲ್ಲಗೆ.

"ಅಂಟೇ... ನಾ ಚೇಯಿ ತಪ್ಪಲೇದಾ, ಅಮ್ಮಾ?"

ಅಂದರೆ ನನ್ನ ಕೈ ತಪ್ಪಲಿಲ್ಲವಾ ಎಂದು ಕೇಳುತ್ತಿದ್ದಾನೆ. "ನಾನ್ನಾ, ನೀವು ಹೇಳಿ" ಅನ್ನುತ್ತಿದ್ದಾಳೆ. ಇಬ್ಬರೂ ಕಾಯುತ್ತಿದ್ದಾರೆ. ಒಂದೇ ಮಾತು ಸಾಕು, ಗೊತ್ತು. ಬಾಯಿ ತೆರೆದೆ. "ನಾನು—"